ಎಲ್ಲೆ ಬಾಗುವಲ್ಲಿ

ಬಾಗಿಯಕ್ಕನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
ಡಾಕ್ಟರು ಅಂದರು: ಅಲ್ನಾ. ಕೂದಲೆಳೆಯಷ್ಟು ಬಿರುಕು.
ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಜಾರಿ
ಬಿದ್ದದ್ದು ಸೀದಾ ಮೊಣಕೈ ಮೇಲೆ.
ಚೀಟಿಯಲ್ಲಿ ನಾನು ಬರೆದದ್ದು ಇಂಗ್ಲಿಷು,
ಶೈನಿ ಸಿಸ್ಟರು ಸಮಾಧಾನ ಹೇಳಿದ್ದು ಮಲಯಾಳ,
ಮೂಳೆ ಕೂರಿಸುವಾಗ ಬಾಗಿಯಕ್ಕ ಕಿರುಚಿದ್ದು
ಕಾಸರಗೋಡಿಗೆಲ್ಲ ಅರ್ಥವಾಯಿತು.

ರಾತ್ರಿ ಪಾಳಿ. ಡ್ಯೂಟಿ ರೂಮಿನ ಟ್ಯೂಬ್‌ಲೈಟಿನ ಕೆಳಗೆ
ನನ್ನ ಜರ್ಮನ್ ಪುಸ್ತಕ. ಪಾಠ ಹನ್ನೊಂದು: ದೇಹದ ಭಾಗಗಳು.
ಎರಡು ಸಲ ಫೇಲು. ಮೂರನೆಯದರ ಫೀಸಿಗೆ
ಒಂದು ಬಳೆ ಬ್ಯಾಂಕಿನಲ್ಲಿ ಮಲಗಿದೆ.
ಎಲ್ಲೆನ್‌ಬೋಗನ್. ಮೊಣಕೈ.
ಎಲ್ಲೆ ಅಂದರೆ ಮೊಳ, ಅನ್ನುತ್ತದೆ ಅಡಿಟಿಪ್ಪಣಿ,
ಅಲ್ಲಿಯೂ ಹಿಂದೆ ಬಟ್ಟೆ ಅಳೆದದ್ದು ಮುಂಗೈಯಲ್ಲೇ.
ಬೋಗನ್ ಅಂದರೆ ಬಾಗು.
ಮೊಳ ಬಾಗುವ ಜಾಗ.

ನಗು ಬಂತು, ಒಬ್ಬಳಿಗೇ, ರಾತ್ರಿ ಎರಡು ಗಂಟೆಗೆ.
ಎಲ್ಲೆ ಅಂತೆ. ಬಾಗು ಅಂತೆ.
ಕುಂಬಳೆಯವಳಿಗೆ ಪಾಠ ಹೇಳಬೇಕೇ ಎಲ್ಲೆ ಅಂದರೆ ಏನೆಂದು!
ಗೆರೆ ಎಳೆದವರ ಕೈಯಲ್ಲಿ ಸ್ಕೇಲು ಇತ್ತು,
ಚಂದ್ರಗಿರಿ ಮಾತ್ರ ಇಂದಿಗೂ
ಮೊಣಕೈ ಮಡಚಿ ತಲೆದಿಂಬು ಮಾಡಿ ಮಲಗಿದೆ.
ನೆಂಟಸ್ತಿಕೆ ಏನಿಲ್ಲ, ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ
ಒಂದೇ ಅಂಚಿನ ಸೀರೆ ಉಟ್ಟ ಇಬ್ಬರು ಅಪರಿಚಿತರು
ಓರೆಗಣ್ಣಲ್ಲಿ ನೋಡಿಕೊಂಡು ಬೇರೆ ಬೇರೆ ಬಸ್ಸು ಹತ್ತಿದ ಹಾಗೆ.

ನಿಜವಾದ ನೆಂಟರು ಬೇರೆ ಇದ್ದಾರೆ.
ಡಚ್ಚರಲ್ಲಿ ಎಲ್ಲೆಬೋಖ್, ಡೇನರಲ್ಲಿ ಆಲ್ಬುಎ,
ಐಸ್‌ಲ್ಯಾಂಡಿನ ಚಳಿಯಲ್ಲಿ ಓಲ್ನ್‌ಬೋಗಿ:
ಆಸ್ತಿ ಪಾಲಾದ ಮೇಲೂ ಅಜ್ಜಿಯ ಮೂಗು ಹೊತ್ತು ತಿರುಗುವವರು.
ಇಂಗ್ಲಿಷಿನವನು ಎಲ್ ಎಂಬ ಮೊಳವನ್ನು
ಅಂಗಡಿಯಿಂದ ಹೊರಹಾಕಿ ಗಜ ತಂದ.
ಅದೋ, ಎಲ್ಬೋ ಒಳಗೆ ಅಡಗಿ ಕೂತಿದೆ ಇನ್ನೂ,
ಬಾಡಿಗೆ ಕೊಡದೆ.
ಮತ್ತೆ ಬೆಳಿಗ್ಗೆ ಡಾಕ್ಟರು ಅಂದರಲ್ಲ, ಅಲ್ನಾ,
ಅದೂ ಅದೇ ಮನೆಯದು, ಲ್ಯಾಟಿನ್ ಕಡೆಯ ಚಿಕ್ಕಮ್ಮ.

ನಮ್ಮ ಮೊಣಕೈಯಾದರೂ ಮೊಳಕೈ ತಾನೆ.
ತೆಲುಗರ ಮೂರ. ಬಾಗಿಯಕ್ಕ ಮಳೆಗಾಲವಿಡೀ
ಎಣ್ಣೆ ತಿಕ್ಕುವ ಮೊರಂಪು, ಅದು ಕಾಲಿಗೆ ಇಳಿದ ತಂಗಿ.
ಶೈನಿಯ ಬಾಯಲ್ಲಿ ಮುೞಂ,
ನಾಲಗೆ ಹಿಂದಕ್ಕೆ ಮಡಚಿ, ಎಲ್ಲಿಗೂ ತಾಗಿಸದೆ.
ಆ ೞ ಕನ್ನಡದಲ್ಲಿ ಸತ್ತು ಸಾವಿರ ವರ್ಷ, ಅಂದಿದ್ದರು
ಹೈಸ್ಕೂಲಿನ ಪಂಡಿತ ಮಾಸ್ತರರು,
ಬೋರ್ಡಿನಲ್ಲಿ ಬರೆದು, ಕೂಡಲೇ ಒರಸಿ.
ಸತ್ತದ್ದೆಲ್ಲಿ ಸಾರ್? ಮೂರನೇ ವಾರ್ಡಿನಲ್ಲಿ
ಥರ್ಮಾಮೀಟರು ಹಿಡಿದು ಓಡಾಡುತ್ತಿದೆ.
ಹನ್ನೆರಡು ವರ್ಷ ಜತೆಗೆ ದುಡಿದರೂ
ನನ್ನ ಬಾಯಿಗೆ ಮಾತ್ರ ಬಾರದು,
ಮೊಣಕೈಗೆ ಬೆಲ್ಲ ಹಚ್ಚಿ ನೆಕ್ಕು ಅಂದ ಹಾಗೆ.

ನಾಲ್ಕು ಗಂಟೆಗೆ ಬಾಗಿಯಕ್ಕ ಎದ್ದು ಕೂತಳು.
ಎಂತ ಓದುದು ನೀನು, ಇಷ್ಟು ಹೊತ್ತು?
ಹೇಳಿದೆ, ಎಲ್ಲವನ್ನೂ, ಆಲ್ಬುಎವರೆಗೆ.
ಕೇಳಿಸಿಕೊಂಡಳು. ಒಂದೇ ಪ್ರಶ್ನೆ:
ಅವರ ಕೈ ಉದ್ದ ಅಲ್ಲವಾ. ಅಲ್ಲಿ ಒಂದು ಸೀರೆಗೆ ಎಷ್ಟು ಮೊಳ?
ಪಾಠದಲ್ಲಿ ಅದು ಇರಲಿಲ್ಲ.

ಸೊಸೈಟಿಯವರು ಕೊಟ್ಟ ಮೀಟರು ಕೋಲು
ಅವಳ ಮನೆಯಲ್ಲಿ ಬೆಕ್ಕು ಓಡಿಸಲಿಕ್ಕೆ.
ಹನ್ನೆರಡು ಮೊಳ, ಮೇಲೊಂದು ಗೇಣು,
ಬಲಗೈಗೆ ಗೊತ್ತು, ನಲವತ್ತು ವರ್ಷದಿಂದ.
ಎಡದ ಮೊಳ ಒಂದು ಬೆರಳು ಕಮ್ಮಿ ಉಂಟು, ಅಂದಳು,
ಗಿರಾಕಿಗೆ ಮೋಸ ಆಗುತ್ತದೆ.
ನಿನ್ನ ಕೈ ತಾ ಇಲ್ಲಿ.

ಪ್ಲಾಸ್ಟರಿನ ಪಕ್ಕಕ್ಕೆ ನನ್ನ ಮುಂಗೈ ಮಲಗಿಸಿ
ಮೊಣಕೈಗೆ ಮೊಣಕೈ ಸರಿಮಾಡಿ
ಬೆರಳ ತುದಿ ನೋಡಿದಳು, ಕಣ್ಣು ಕಿರಿದು ಮಾಡಿ.
ಸಾಲದು, ಅಂದಳು.
ಮಗ್ಗುಲಾಗಿ ಮಲಗಿದಳು.